ಈಸ್ಟರಿಗೆ ಕೋಳಿ ಇಲ್ಲ, ಹಾಡುವಾಗ ಅಳು ಬರ್ತದೆ, ನನ್ನ ವಿಶ್ವಾಸ ಸುಳ್ಳಾ?

ಪ್ರಶ್ನೆ: ಅಕ್ಕ, ನಮ್ಮದು ಉಡುಪಿ ಜಿಲ್ಲೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಗಂಡ ಗಲ್ಫಲ್ಲಿ ಎಸಿ ಮೆಕ್ಯಾನಿಕ್ ಆಗಿದ್ರು, ಕಳೆದ ವರ್ಷ ಕಂಪೆನಿಯವರು ಜನ ಕಮ್ಮಿ ಮಾಡಿದಾಗ ವಾಪಸ್ ಬಂದ್ರು, ಬರಬೇಕಾದ ಮೂರು ತಿಂಗಳ ಸಂಬಳ ಇನ್ನೂ ಬಂದಿಲ್ಲ. ಈಗ ಸಿಕ್ಕಿದಾಗ ಸಿಕ್ಕಿದ ರಿಪೇರಿ ಕೆಲಸ. ನಾನು ಮನೆಯಲ್ಲೇ ಬಟ್ಟೆ ಹೊಲೀತೇನೆ. ಮಕ್ಕಳ ಫೀಸು, ಮನೆ ಸಾಲದ ಕಂತು ಕಟ್ಟಿ ಕೈಯಲ್ಲಿ ಏನೂ ಉಳಿಯುದಿಲ್ಲ. ಪ್ರತಿ ಈಸ್ಟರಿಗೆ ಭಾವನವರು, ನಾದಿನಿಯವರು ಎಲ್ಲ ಸೇರಿ 14 ಜನ ನಮ್ಮಲ್ಲೇ ಊಟ, ಕೋರಿ ರೊಟ್ಟಿ, ಮಟನ್. ಈ ಸರ್ತಿ ಹಿತ್ತಲಿನ ಮರದ ಗುಜ್ಜೆ (ಎಳೆ ಹಲಸಿನಕಾಯಿ) ತೆಗ್ದು ಗುಜ್ಜೆ ಕಡ್ಲೆ ಗಸಿ ಮಾಡುವ ಅಂದೆ. ಅತ್ತೆ, ಹಬ್ಬದ ದಿವಸ ನೆಂಟರಿಗೆ ಗುಜ್ಜೆ ಬಡಿಸಿದ್ರೆ ಮರ್ಯಾದೆ ಹೋಗ್ತದೆ ಅಂತ ಅಳ್ಳಿಕ್ಕೆ ಶುರು ಮಾಡಿದ್ರು. ಗಂಡ ನನ್ನ ಬಳೆ ಅಡವಿಡುವ ಅಂತಾರೆ. ಅವರು ಈಗ ಸರಿ ನಿದ್ದೆ ಮಾಡುದಿಲ್ಲ, ಚರ್ಚಿಗೂ ಬರುದಿಲ್ಲ. ಇದರ ಮೇಲೆ ಮೊನ್ನೆ ಸ್ತ್ರೀಯರ ಕೂಟದಲ್ಲಿ ಒಬ್ಬರು, ಕಷ್ಟದಲ್ಲಿ ಸಂತೋಷಪಡ್ಲಿಕ್ಕೆ ಆಗದವರ ವಿಶ್ವಾಸ ಬರೀ ಬಾಯಿಮಾತು ಅಂದ್ರು. ಅಕ್ಕ, ನನಗೆ ಹಾಡು ಹಾಡುವಾಗ ಅಳು ಬರ್ತದೆ. ನನ್ನ ವಿಶ್ವಾಸ ಸುಳ್ಳಾ? ಗುಜ್ಜೆ ಮಾಡುದಾ, ಬಳೆ ಕೊಡುದಾ? ನೆಂಟರಿಗೆ ಎಂತ ಹೇಳುದು?

ಉತ್ತರ:

ತಂಗಿ, ಮೊದ್ಲು ಬಳೆ ವಿಷಯ ಹೇಳಿ ಬಿಡ್ತೇನೆ, ಯಾಕಂದ್ರೆ ಅದಕ್ಕೆ ಟೈಮ್ ಇಲ್ಲ. ಕೊಡಬೇಡಿ. ಮಕ್ಕಳಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಓಡುವಾಗ, ಮನೆ ಕಂತು ತಪ್ಪಿ ಬ್ಯಾಂಕಿನಿಂದ ನೋಟಿಸ್ ಬರುವ ಹಾಗಾದಾಗ ಬೇಕಾದೀತು ಅಂತ ಇಟ್ಟುಕೊಳ್ಳುದು ಚಿನ್ನವನ್ನು. ಒಂದು ಮಧ್ಯಾಹ್ನದ ಊಟಕ್ಕೆ ಅದನ್ನು ತೆಗೆದ್ರೆ ಕೋಳಿ ಆದಿತ್ಯವಾರ ಸಂಜೆಗೆ ಮುಗೀತದೆ, ಬಡ್ಡಿ ಮುಂದಿನ ಈಸ್ಟರಿನವರೆಗೂ ಓಡ್ತದೆ, ಬಿಡಿಸ್ಲಿಕ್ಕೆ ಆಗದಿದ್ರೆ ಏಲಂ. ಇದನ್ನು ಗಂಡನಿಗೆ ಅತ್ತೆಯ ಎದುರಲ್ಲಿ ಹೇಳಬೇಡಿ, ಇಬ್ಬರೇ ಇರುವಾಗ ಹೇಳಿ, "ನೀವು ನಮ್ಮ ಮರ್ಯಾದೆ ನೋಡ್ತಾ ಇದ್ದೀರಿ ಅಂತ ನನಗೆ ಗೊತ್ತುಂಟು, ಆದ್ರೆ ಬಳೆ ಮಕ್ಕಳಿಗೆ ಇರ್ಲಿ" ಅಂತ. ಅವರು ಬಳೆ ಕೇಳಿದ್ದು ದುಂದುಗಾರಿಕೆಯಿಂದ ಅಲ್ಲ, ತಾನು ಯಜಮಾನ, ತನ್ನ ಮನೆಗೆ ಬಂದವರಿಗೆ ತನಗೆ ಬಡಿಸ್ಲಿಕ್ಕೆ ಆಗುದಿಲ್ವಲ್ಲ ಅನ್ನುವ ಸಂಕಟದಲ್ಲಿ.

ಇನ್ನು ವಿಶ್ವಾಸದ ಪ್ರಶ್ನೆ. ನಿಮ್ಮನ್ನು ಒಳಗೆ ಸುಡ್ತಾ ಇರುದು ಅದೇ ಅಂತ ನಿಮ್ಮ ಬರವಣಿಗೆ ನೋಡಿದ್ರೆ ಗೊತ್ತಾಗ್ತದೆ, ಹಾಗಾಗಿ ಇದರಲ್ಲಿ ಸ್ವಲ್ಪ ನಿಂತು ಮಾತಾಡ್ತೇನೆ.

ಯಾವಾಗಲೂ ಸಂತೋಷವಾಗಿರಿ ಅನ್ನುವ ಮಾತು ಎಲ್ಲಿಂದ ಬಂತು? ಅಪೊಸ್ತಲ ಪೌಲನು ಫಿಲಿಪ್ಪಿ ಅನ್ನುವ ಊರಿನ ಸಭೆಗೆ, ಅಂದ್ರೆ ಅಲ್ಲಿನ ಚರ್ಚಿನ ಜನರಿಗೆ, ಬರೆದ ಬೈಬಲಿನ ಪತ್ರದಿಂದ. ಜೈಲಿನಲ್ಲಿ ಕೂತು ಬರೆದದ್ದು, ನಾಲ್ಕೇ ಅಧ್ಯಾಯ, ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ದಯವಿಟ್ಟು ಇವತ್ತು ರಾತ್ರಿ ಪೂರ್ತಿ ಒಮ್ಮೆ ಓದಿ, ಆ ಒಂದು ವಚನ ಮಾತ್ರ ಅಲ್ಲ. ನಾವು ಕ್ಯಾಲೆಂಡರಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದೊಂದೇ ವಚನ ನೋಡಿ ನೋಡಿ ಅದರ ಹಿಂದೆ ಮುಂದೆ ಎಂತ ಉಂಟು ಅಂತಲೇ ಮರ್ತುಬಿಟ್ಟಿದ್ದೇವೆ. ಎರಡನೇ ಅಧ್ಯಾಯದಲ್ಲಿ ಎಪಫ್ರೊದೀತ ಅನ್ನುವವನ ವಿಷಯ ಬರ್ತದೆ, ಅವನು ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ, ಅವನು ಉಳಿಯದಿದ್ರೆ ನನಗೆ ದುಃಖದ ಮೇಲೆ ದುಃಖ ಆಗ್ತಿತ್ತು ಅಂತ ಪೌಲನೇ ಬರೀತಾನೆ, ಅಂದ್ರೆ ಒಂದು ದುಃಖ ಆಗಲೇ ಉಂಟು ಅಂತ ಆಯ್ತಲ್ಲ. ಮೂರನೇ ಅಧ್ಯಾಯದಲ್ಲಿ ಅಳುತ್ತಾ ಹೇಳ್ತಾ ಇದ್ದೇನೆ ಅಂತಾನೆ. ನಾಲ್ಕನೇದರಲ್ಲಿ ಸಂತೋಷಪಡಿ ಅನ್ನುವುದಕ್ಕೆ ಎರಡೇ ವಚನ ಮುಂಚೆ ಸಭೆಯ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಿನಿಂದ ಇರಿ ಅಂತ ಬೇಡಿಕೊಳ್ತಾನೆ. ಕಣ್ಣೀರು, ಕಾಯಿಲೆ, ಹೆಂಗಸರ ಮನಸ್ತಾಪ, ಎಲ್ಲ ಉಂಟು ಆ ಪತ್ರದಲ್ಲಿ. ಅಳುವವರಿಗೆ ವಿಶ್ವಾಸ ಇಲ್ಲ ಅನ್ನುದಾದ್ರೆ ಮೊದಲು ಹೊರಗೆ ನಿಲ್ಲಬೇಕಾದವನು ಪೌಲನೇ.

ಆ ಪತ್ರ ಬರ್ಲಿಕ್ಕೆ ಕಾರಣ ಎಂತ ಅಂತ ನೋಡಿದ್ರೆ ನಿಮ್ಮ ಮನೆಯ ವಿಷಯವೇ ಅದು. ಫಿಲಿಪ್ಪಿ ಸಭೆಯವರು ಎಪಫ್ರೊದೀತನ ಕೈಯಲ್ಲಿ ಪೌಲನಿಗೆ ಸಹಾಯ ಕಳಿಸಿದ್ರು, ಆಗಿನ ಜೈಲಿನಲ್ಲಿ ಹೊರಗಿನವರು ನೋಡಿಕೊಳ್ಳದಿದ್ರೆ ಗತಿ ಇಲ್ಲ. ಅದು ಮುಟ್ಟಿದ ಮೇಲೆ ಅವನು ಬರೆದ ಉತ್ತರ ಇದು. ನನಗೆ ಹೊಟ್ಟೆ ತುಂಬಿ ಇರ್ಲಿಕ್ಕೂ ಗೊತ್ತುಂಟು, ಹಸಿದು ಇರ್ಲಿಕ್ಕೂ ಗೊತ್ತುಂಟು ಅಂತ ಹೇಳಿ, ಮುಂದಿನ ಉಸಿರಿನಲ್ಲೇ, ಆದ್ರೂ ನೀವು ನನ್ನ ಕಷ್ಟದಲ್ಲಿ ಪಾಲು ತೆಗೊಂಡದ್ದು ಬಹಳ ಒಳ್ಳೇದಾಯ್ತು ಅಂತಾನೆ. ಕಷ್ಟ ಇಲ್ಲ ಅಂತ ಅವನು ಹೇಳಲೇ ಇಲ್ಲ. ನನಗೆ ಕಷ್ಟ ಉಂಟು, ನೀವು ಬಂದ್ರಿ, ಅದಕ್ಕೆ ನನಗೆ ಸಂತೋಷ. ಬೈಬಲಿನಲ್ಲಿ ಸಂತೋಷದ ಮಾತು ತುಂಬಿದ ಪತ್ರ ಯಾವುದು ಅಂತ ಕೇಳಿದ್ರೆ ಎಲ್ಲರೂ ಇದನ್ನೇ ತೋರಿಸ್ತಾರೆ, ಮತ್ತು ಅದು ಸಹಾಯ ತೆಗೊಂಡವನು ಬರೆದ ಕೃತಜ್ಞತೆಯ ಪತ್ರ.

ನೀವು ಮಾಡ್ತಾ ಇರುದು ಇದರ ಉಲ್ಟಾ, ಕೋಪ ಮಾಡಬೇಡಿ. ಒಳಗೆ ಇಷ್ಟು ಸಂಕಟ ಇಟ್ಟುಕೊಂಡು ನೆಂಟರಿಗೆ ಗೊತ್ತಾಗಬಾರದು, ಸಭೆಯಲ್ಲಿ ಗೊತ್ತಾಗಬಾರದು, ಸಭಾಪಾಲಕರಿಗೆ (ಪಾದ್ರಿಗಳಿಗೆ) ಹೇಳಬಾರದು ಅಂತ ಮುಚ್ಚಿಟ್ಟು, ಅದರ ಮೇಲೆ ನಗ್ಲಿಕ್ಕೆ ನೋಡ್ತಾ ಇದ್ದೀರಿ. ಹಾಗೆ ಯಾರಿಗೂ ನಗು ಬರುದಿಲ್ಲ. ಯಾರ ಹತ್ರವೂ ಹೇಳದೆ ಇರುವಲ್ಲಿ ಸಂತೋಷ ಬರ್ಲಿಕ್ಕೆ ಜಾಗ ಎಲ್ಲುಂಟು?

ಹಾಡುವಾಗ ಅಳು ಬರುವ ಬಗ್ಗೆ: 42ನೇ ಕೀರ್ತನೆಯಲ್ಲಿ ಹಗಲೂ ರಾತ್ರಿ ಕಣ್ಣೀರೇ ನನಗೆ ಊಟ ಆಯ್ತು ಅಂತ ಉಂಟು. ಅದು ಯಾರೋ ಕೋಣೆ ಬಾಗಿಲು ಹಾಕಿ ಗುಟ್ಟಾಗಿ ಬರೆದದ್ದಲ್ಲ, ಗಾಯಕರಿಗೆ ಅಂತ ಮೇಲೆಯೇ ಬರೆದುಂಟು, ದೇವರ ಎದುರಲ್ಲಿ ಜನ ಸೇರಿ ಹಾಡ್ಲಿಕ್ಕೆ ಇದ್ದ ಹಾಡು. ಬಾಯಿ ಹಾಡ್ತಾ ಇರುವಾಗ ಕಣ್ಣು ಅಳುದು ನಿಮ್ಮಿಂದ ಶುರುವಾದದ್ದಲ್ಲ ತಂಗಿ. ಅಷ್ಟು ಅಳು ಬಂದ್ರೂ ಬೆಂಚಿನಿಂದ ಎದ್ದು ಹೋಗದೆ ನಿಂತು ಹಾಡ್ತೀರಲ್ಲ, ನಾನು ಅದನ್ನೇ ವಿಶ್ವಾಸ ಅಂತೇನೆ.

ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯನ್ನೂ ನೋಡಿ. ಅಂಜೂರ ಚಿಗುರುದಿಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಮರ ಕೈಕೊಟ್ಟಿತು, ಗದ್ದೆಯಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ, ದನ ಇಲ್ಲ ಅಂತ ಒಂದೊಂದಾಗಿ ಲೆಕ್ಕ ಹಾಕ್ತಾನೆ. ಎಲ್ಲ ಹೇಳಿ ಆದ ಮೇಲೆಯೇ ಆದ್ರೂ ನಾನು ಕರ್ತನಲ್ಲಿ ಉಲ್ಲಾಸಪಡ್ತೇನೆ ಅನ್ನುದು. ಆ ಲೆಕ್ಕವನ್ನು ಬಿಟ್ಟು ಸೀದಾ ಉಲ್ಲಾಸಕ್ಕೆ ಹಾರಲಿಲ್ಲ. ನಿಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲೂ ಹಾಗೇ ಮಾಡಿ, "ಕರ್ತನೇ, ಮೂರು ತಿಂಗಳ ಸಂಬಳ ಬಂದಿಲ್ಲ, ಈ ತಿಂಗಳ ಕಂತಿಗೆ ಇನ್ನೂ ದುಡ್ಡಾಗಿಲ್ಲ, ಪಪ್ಪನಿಗೆ ನಿದ್ದೆ ಬರುದಿಲ್ಲ" ಅಂತ ಬಾಯಿ ಬಿಟ್ಟು ಹೇಳಿ. ಮಕ್ಕಳ ಎದುರಲ್ಲಿ ಹೇಗೆ ಅಂತ ಯೋಚನೆ ಮಾಡಬೇಡಿ, ಮಕ್ಕಳಿಗೆ ಆಗಲೇ ಗೊತ್ತುಂಟು, ದೊಡ್ಡವರು ಹೇಳದೆ ಇದ್ದದ್ದಕ್ಕೆ ಹೆದರಿಕೆ ಇನ್ನೂ ಜಾಸ್ತಿ.

ಈಗ ಅತ್ತೆ. ನೀವು ಪತ್ರದ ಮಧ್ಯದಲ್ಲಿ ಒಂದು ಮಾತು ಬರೆದಿದ್ರಿ, ಮೇಲೆ ಅದನ್ನು ಹಾಕ್ಲಿಲ್ಲ, ಗಂಡ ಸಣ್ಣದಿರುವಾಗ ಅತ್ತೆ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು ಅಂತ. ನನಗೆ ಅವರ ಅಳು ಅರ್ಥ ಆದದ್ದು ಅದನ್ನು ಓದಿದ ಮೇಲೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ನೂಲು ಕಟ್ಟಿ ಸಂಸಾರ ದಾಟಿಸಿದ ಹೆಂಗಸಿಗೆ ಈಸ್ಟರ್ ದಿವಸ ಬಟ್ಟಲಲ್ಲಿ ಕೋಳಿ ಇರುದು ಅಂದ್ರೆ ಬರೀ ರುಚಿಯಾ? ನಾವು ಆ ದಿನಗಳನ್ನು ದಾಟಿ ಬಂದೆವು ಅನ್ನುವುದಕ್ಕೆ ಅದೇ ಸಾಕ್ಷಿ ಅವರಿಗೆ. ನೀವು ಗುಜ್ಜೆ ಅಂದ ಕೂಡ್ಲೆ ಪುನಃ ಆ ದಿನಕ್ಕೇ ಹೋಗಿ ಬಿದ್ದೆವಾ ಅಂತ ಹೆದರಿದ್ದಾರೆ. ಹಾಗಾಗಿ ಅವರ ಹತ್ರ ಮರ್ಯಾದೆ ಬಗ್ಗೆ ವಾದ ಮಾಡ್ಲಿಕ್ಕೆ ಹೋಗಬೇಡಿ, ಗೆಲ್ಲುದಿಲ್ಲ, ಗೆದ್ರೂ ಸುಖ ಇಲ್ಲ. ಪಕ್ಕದಲ್ಲಿ ಕೂತು, "ಅತ್ತೆ, ಆವಾಗ ಈಸ್ಟರಿಗೆ ನೀವು ಎಂತ ಮಾಡ್ತಿದ್ರಿ?" ಅಂತ ಕೇಳಿ. ಮಕ್ಕಳನ್ನೂ ಕೂರಿಸಿ. ಆ ಕಾಲದಲ್ಲಿ ಎಷ್ಟು ಮನೆಯಲ್ಲಿ ಹಬ್ಬಕ್ಕೆ ಕೋಳಿ ಇತ್ತು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ನಿಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಇನ್ನೂ ಹಿಂದೆ ಹೋದ್ರೆ, ನಮ್ಮ ಕರಾವಳಿಯ ಸಭೆಗಳು ಶುರುವಾದದ್ದೇ ಇಂಥಾ ಮನೆಗಳಲ್ಲಿ. ಬಾಸೆಲ್ ಮಿಷನಿನವರು, ಅಂದ್ರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಸ್ಥೆಯವರು, ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಕ್ರಿಸ್ತನನ್ನು ನಂಬಿದವರಲ್ಲಿ ಎಷ್ಟೋ ಜನರಿಗೆ ಮನೆಯವರು ಬಿಟ್ಟು ಹೋದ್ರು, ಕುಲಕಸುಬು ಹೋಯ್ತು, ಜಾಗದ ಪಾಲು ಹೋಯ್ತು, ಮರುದಿವಸದ ಗಂಜಿಗೆ ಎಂತ ಮಾಡುದು ಅನ್ನುವ ಪರಿಸ್ಥಿತಿ. ಅವರಿಗೆ ಕೆಲಸ ಬೇಕು ಅಂತಲೇ ಮಿಷನಿನವರು ನೇಯ್ಗೆ ಶುರು ಮಾಡಿದ್ದು, ಮತ್ತೆ 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಬಂದದ್ದು. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳನ್ನು ಸರಕಾರ ಹಿಡಿದಿಟ್ಟಿತು, ಕಾರ್ಖಾನೆಗಳು ಮಿಷನಿನ ಕೈ ತಪ್ಪಿದ್ವು. ಆದ್ರೂ ಸಭೆ ಉಳೀತು, ಉಳಿಸಿದ್ದು ಊರಿನವರೇ. ನಮ್ಮ ಹಿರಿಯರ ಮನೆತನದ ಮರ್ಯಾದೆ ಇದ್ದದ್ದು ಬಟ್ಟಲಲ್ಲಿ ಎಂತ ಉಂಟು ಅನ್ನುದರಲ್ಲಿ ಅಲ್ಲ, ಇಲ್ಲದವನನ್ನು ಇರುವವನು ಬಿಟ್ಟು ಉಣ್ಣಲಿಲ್ಲ ಅನ್ನುದರಲ್ಲಿ. ಅತ್ತೆಗೆ ಇದನ್ನು ನೀವು ಹೇಳಬೇಕಂತ ಇಲ್ಲ, ನಾದಿನಿಯವರ ಮಕ್ಕಳಿಗೆ ಅತ್ತೆಯೇ ಹೇಳ್ಲಿ.

ಅಡಿಗೆಗೆ ಬರುವ, ಯಾಕಂದ್ರೆ ಗುಜ್ಜೆ ಗಸಿ ಕಾಟಾಚಾರಕ್ಕೆ ಮಾಡಿದ್ರೆ ಅತ್ತೆ ಹೇಳಿದ್ದೇ ನಿಜ ಆಗ್ತದೆ. ಈಸ್ಟರ್ ಬರುದೇ ಗುಜ್ಜೆಯ ಸೀಸನ್ನಿನಲ್ಲಿ, ನಿಮ್ಮ ಹಿತ್ತಲಲ್ಲೇ ಮರ ಉಂಟು ಅಂತ ಬರೆದಿದ್ದೀರಿ, ಹಾಗಾದ್ರೆ ಅದಕ್ಕೆ ಖರ್ಚಿಲ್ಲ. ಬೀಜ ಗಟ್ಟಿ ಆಗದ್ದನ್ನು ನೋಡಿ ಕೊಯ್ಯಿರಿ. 14 ಜನಕ್ಕೆ ಮುಕ್ಕಾಲು ಕೆಜಿ ಕಪ್ಪು ಕಡ್ಲೆ ಶನಿವಾರ ರಾತ್ರಿಯೇ ನೆನೆ ಹಾಕಿ. ಮಸಾಲೆ ಬೇರೆ ಎಂತದೂ ಬೇಡ, ಅತ್ತೆ ಕೋರಿ ಗಸಿಗೆ ಹಾಕುವ ಮಸಾಲೆಯನ್ನೇ ಮಾಡಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಕಾಳುಮೆಣಸು, ಎಲ್ಲ ಬೇರೆ ಬೇರೆ ಹುರಿದು, ಬೆಳ್ಳುಳ್ಳಿ, ನೀರುಳ್ಳಿ, ಅರಸಿನ, ಹುಳಿ, ಕಾಯಿತುರಿ ಹಾಕಿ ನುಣ್ಣಗೆ ಕಡೆಯಿರಿ. ಹುರಿಯುವ ಕೆಲಸ ಅತ್ತೆಗೇ ಬಿಡಿ, ಮೆಂತೆ ಯಾವಾಗ ಇಳಿಸಬೇಕು ಅಂತ ಅವರ ಮೂಗಿಗೆ ಗೊತ್ತು.

ಕೋಳಿ ಇಲ್ಲದ ಗಸಿ ಸಪ್ಪೆ ಅನ್ನಿಸುದು ಯಾಕಂದ್ರೆ ಕೋಳಿಯ ಕೊಬ್ಬು, ಎಲುಬಿನ ರಸ ಅದರಲ್ಲಿ ಇರುದಿಲ್ಲ. ಅದಕ್ಕೆ ಕಡ್ಲೆ ಬೇಯಿಸಿದ ನೀರನ್ನು ಚೆಲ್ಲಬೇಡಿ, ಗಸಿಗೆ ಅದನ್ನೇ ಹಾಕಿ, ಕೊನೆಗೆ ಒಂದು ಕಾಯಿಯ ದಪ್ಪ ಹಾಲು, ಮತ್ತೆ ತೆಂಗಿನೆಣ್ಣೆಯಲ್ಲಿ ನೀರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು ಒಗ್ಗರಣೆ. ಗುಜ್ಜೆಯನ್ನು ಕಡ್ಲೆ ಜೊತೆ ಬೇಯಿಸಬೇಡಿ, ಕರಗಿ ಹೋಗ್ತದೆ, ಬೇರೆ ಪಾತ್ರೆಯಲ್ಲಿ ಉಪ್ಪು ಅರಸಿನ ಹಾಕಿ ಮುಕ್ಕಾಲು ಬೇಯಿಸಿ, ಮಸಾಲೆಯಲ್ಲಿ ಕುದಿಯುವಾಗ ಉಳಿದ ಕಾಲು ಬೇಯ್ತದೆ, ಆಗ ಹೋಳಿನ ಒಳಗೆ ಖಾರ ಹೋಗಿ ಕೂರ್ತದೆ. ರೊಟ್ಟಿಗೆ ಆಗುವುದರಿಂದ ಗಸಿ ತೀರಾ ಗಟ್ಟಿ ಬೇಡ, ಮೇಲಿಂದ ಹೊಯ್ದಾಗ ರೊಟ್ಟಿ ನೆನೆಯುವಷ್ಟು ತೆಳು ಇರ್ಲಿ. ಸಂಜೆವರೆಗೆ ಇದ್ರೆ ಇನ್ನೂ ರುಚಿ.

ಗುಜ್ಜೆ ಕೊಯ್ದು ತಂದು ಕಡಿಯುವ ಕೆಲಸ ಗಂಡನಿಗೆ ಕೊಡಿ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡು, ಕೆಳಗೆ ಪೇಪರ್ ಹಾಸಿ, ಮಯಣ (ಅಂಟು) ಒರಸ್ತಾ ಒರಸ್ತಾ ಮಗನ ಜೊತೆ ಕೂತು ಮಾಡ್ಲಿ. ಅವರು ಈಗ ಮನೆಯಲ್ಲಿ ತಾನು ಯಾವುದಕ್ಕೂ ಬೇಡದವನು ಅಂತ ತಿಳ್ಕೊಂಡಿದ್ದಾರೆ, ಅವರ ಕೈಯಿಂದಲೇ ಹಬ್ಬದ ಊಟ ಆಗ್ಲಿ.

ಅವರ ನಿದ್ದೆಯ ವಿಷಯ ಮಾತ್ರ ಹಗುರ ಮಾಡಬೇಡಿ. ಕೆಲಸ ಹೋದ ಗಂಡಸು ನಿದ್ದೆ ಬಿಟ್ಟು, ಜನರ ಮುಖ ನೋಡುದು ಬಿಟ್ಟು ಕೂತ್ರೆ ಅದಕ್ಕೆ ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಸರಕಾರದ ಟೆಲಿ ಮಾನಸ್ ಅಂತ ಉಂಟು, 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ಲದೆ, ರಾತ್ರಿ ಹಗಲು ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾಡಿ, ಹೇಗೆ ಮಾತಾಡಿಸುದು ಅಂತ ಕೇಳಿ. ಬದುಕುದೇ ಬೇಡ ಅನ್ನುವ ಥರದ ಮಾತು ಅವರ ಬಾಯಲ್ಲಿ ಬಂದ್ರೆ ಒಂದು ದಿವಸವೂ ಕಾಯಬೇಡಿ, ಅವರನ್ನು ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸಭಾಪಾಲಕರ ಹತ್ರ ನೀವೂ ಗಂಡನೂ ಒಟ್ಟಿಗೆ ಹೋಗಿ ವಿಷಯ ಹೇಳಿ. ಹೆಚ್ಚಿನ ಸಭೆಗಳಲ್ಲಿ ಕಷ್ಟದಲ್ಲಿರುವವರಿಗೆ ಅಂತ ಒಂದು ಫಂಡ್ ಇರ್ತದೆ, ಇಲ್ಲದಿದ್ರೂ ಸಭೆಯವರಲ್ಲಿ ಹೋಟೆಲ್, ಶಾಲೆ, ಅಂಗಡಿ ನಡೆಸುವವರು ಇದ್ದೇ ಇರ್ತಾರೆ, ಅಲ್ಲಿ ಎಸಿ, ಫ್ರಿಡ್ಜು ಹಾಳಾಗ್ತಾ ಇರ್ತದೆ, ಪಾಲಕರ ಒಂದು ಮಾತಿನಿಂದ ಕೆಲಸ ಬಂದೀತು. ಚರ್ಚಿನ ಬೆಳೆಹಬ್ಬಕ್ಕೆ ನೀವು ಪ್ರತಿ ವರ್ಷ ತೆಂಗಿನಕಾಯಿ, ಹಲಸಿನ ಹಣ್ಣು ಕೊಂಡು ಹೋಗಿ ಕೊಡ್ತೀರಲ್ಲ, ಏಲಂ ಆಗ್ತದಲ್ಲ, ಕೊಡುವಾಗ ನಿಮಗೆ ಎಷ್ಟು ಖುಷಿ ಆಗ್ತದೆ. ಆ ಖುಷಿಯನ್ನು ಇನ್ನೊಬ್ಬರಿಗೂ ಸಿಗ್ಲಿಕ್ಕೆ ಬಿಡಿ. ಫಿಲಿಪ್ಪಿ ಇದ್ದ ಮಕೆದೋನ್ಯದ ಸಭೆಗಳ ಬಗ್ಗೆ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಉಂಟು, ಅವರು ಕಡುಬಡವರು, ಆದ್ರೂ ಬಲವಂತ ಇಲ್ಲದೆ, ಕೊಡುವುದಕ್ಕೆ ನಮಗೂ ಅವಕಾಶ ಕೊಡಿ ಅಂತ ಬೇಡಿಕೊಂಡವರು ಅಂತ. ಪೌಲನು ಬೇಡ ಅಂದುಬಿಟ್ಟಿದ್ರೆ ಅವರ ಸಂತೋಷ ಹೋಗ್ತಿತ್ತು.

ಆ ಸ್ತ್ರೀಯರ ಕೂಟದ ಅಮ್ಮನ ಜೊತೆ ಜಗಳಕ್ಕೆ ಹೋಗಬೇಡಿ. ಅವರಿಗೆ ನಿಮ್ಮ ಮನೆಯ ಪರಿಸ್ಥಿತಿ ಗೊತ್ತಿಲ್ಲದೆ ಹೇಳಿರಬಹುದು. ಆದ್ರೆ ಅವರು ಹೇಳಿದ್ದು ತಪ್ಪು, ಅದನ್ನು ನಾನು ಮೆತ್ತಗೆ ಮಾಡಿ ಹೇಳುದಿಲ್ಲ, ಅಳುವವರ ಸಂಗಡ ಅಳಿರಿ ಅಂತ ರೋಮಾದವರಿಗೆ ಬರೆದದ್ದೂ ಅದೇ ಪೌಲ.

ಫಿಲಿಪ್ಪಿಯ ಇನ್ನೊಂದು ವಿಷಯ ಅಪೊಸ್ತಲರ ಕೃತ್ಯಗಳು 16ರಲ್ಲಿ ಉಂಟು, ನನಗೆ ಬಹಳ ಇಷ್ಟ. ಪೌಲ, ಸೀಲ ಇಬ್ಬರಿಗೂ ಪೆಟ್ಟು ಕೊಟ್ಟು, ಕಾಲಿಗೆ ಕೋಳ ಹಾಕಿ ಒಳಗೆ ತಳ್ಳಿರ್ತಾರೆ, ಅವರು ಮಧ್ಯರಾತ್ರಿ ಹಾಡ್ತಾರೆ, ಆ ಭಾಗ ಎಲ್ಲರಿಗೂ ಗೊತ್ತು. ಆಮೇಲಿನದ್ದು ಯಾರೂ ಹೇಳುದಿಲ್ಲ. ಜೈಲಿನ ಯಜಮಾನ ಅದೇ ರಾತ್ರಿ ಅವರ ಗಾಯ ತೊಳೀತಾನೆ, ಮನೆಗೆ ಕರ್ಕೊಂಡು ಹೋಗಿ ಊಟಕ್ಕೆ ಇಡ್ತಾನೆ, ಮನೆಯವರೆಲ್ಲ ಸೇರಿ ಸಂತೋಷಪಡ್ತಾರೆ. ಬಟ್ಟಲಲ್ಲಿ ಎಂತ ಇತ್ತು ಅಂತ ಬರೆದವನು ಹೇಳಲೇ ಇಲ್ಲ. ಅಪರಾತ್ರಿ ಹೇಳದೆ ಕೇಳದೆ ಬಂದವರಿಗೆ ಮನೆಯಲ್ಲಿ ಇದ್ದದ್ದೇ ಇಟ್ಟಿರಬೇಕು. ದ್ವೇಷ ಇರುವಲ್ಲಿ ಕೊಬ್ಬಿದ ದನದ ಮಾಂಸಕ್ಕಿಂತ ಪ್ರೀತಿ ಇರುವಲ್ಲಿ ಸೊಪ್ಪಿನ ಊಟ ಲೇಸು ಅಂತ ಜ್ಞಾನೋಕ್ತಿಯಲ್ಲೂ ಉಂಟು, 15ನೇ ಅಧ್ಯಾಯ, 17ನೇ ವಚನ. ಬೇಕಾದ್ರೆ ಊಟದ ಮುಂಚೆ ಮಗನ ಹತ್ರ ಅದನ್ನು ಓದಿಸಿ.

ನೆಂಟರಿಗೆ ಎಂತ ಹೇಳುದು ಅಂತ ಕೇಳಿದ್ರಿ. ಮುಂಚೆಯೇ ಹೇಳಿ, ಬಟ್ಟಲು ಇಟ್ಟ ಮೇಲೆ ಗೊತ್ತಾಗುದು ಬೇಡ. ಫ್ಯಾಮಿಲಿ ಗ್ರೂಪಿನಲ್ಲಿ ಗಂಡನೇ ಹಾಕ್ಲಿ, ಹೀಗೆ: "ಈಸ್ಟರ್ ಊಟಕ್ಕೆ ಎಲ್ಲರೂ ಮನೆಗೆ ಬನ್ನಿ. ಈ ವರ್ಷ ನಮ್ಮ ಕೈ ಬಿಗಿ ಉಂಟು, ಹಾಗಾಗಿ ಕೋಳಿ, ಮಟನ್ ಇಲ್ಲ. ಹಿತ್ತಲಿನ ಗುಜ್ಜೆ, ಅಮ್ಮನ ಮಸಾಲೆ, ರೊಟ್ಟಿ ಉಂಟು. ನೀವು ಬರುದೇ ನಮಗೆ ಹಬ್ಬ." ಇಷ್ಟೇ ಸಾಕು, ಕ್ಷಮಿಸಿ ಅಂತ ಸೇರಿಸಬೇಡಿ. ಭಾವ ಓದಿ, ಕೋಳಿ ನಾನು ತರ್ತೇನೆ ಅಂದ್ರೆ ಬೇಡ ಅನ್ನಬೇಡಿ, ಸಂತೋಷದಲ್ಲಿ ತೆಗೊಳ್ಳಿ, ಗುಜ್ಜೆ ಗಸಿಯ ಪಕ್ಕದಲ್ಲಿ ಅದೂ ಇರ್ಲಿ. ಆದ್ರೆ ಗುಜ್ಜೆ ಗಸಿಯನ್ನು ಒಳಗೆ ಇಟ್ಟುಬಿಡಬೇಡಿ. ನಾದಿನಿಯವರ ಹತ್ರ ಸಿಹಿ ತರ್ಲಿಕ್ಕೆ ಹೇಳಬಹುದು, ಅವರ ಹತ್ರ ನಿಮಗೆ ಸಲಿಗೆ ಉಂಟಲ್ಲ.

ಮೆಸೇಜನ್ನು ಶನಿವಾರದವರೆಗೆ ಇಟ್ಟುಕೊಳ್ಳಬೇಡಿ. ಇವತ್ತು ಗಂಡನ ಹತ್ರ ಮಾತಾಡಿ, ಅತ್ತೆಗೆ ಓದಿ ಹೇಳಿ, ಅವರು ಒಂದೆರಡು ಶಬ್ದ ಬದಲಿಸಿ ಅಂದ್ರೆ ಬದಲಿಸಿ, ನಾಳೆ ಬೆಳಿಗ್ಗೆಯೇ ಹಾಕಿ ಬಿಡಿ.